ಬಣ್ಣದ ಕೆಳಗಿನ ಬೆಲೆ: ಹಳೆಯ ಆಸ್ಟನ್ ಮಾರ್ಟಿನ್ ಮಾರಾಟದ ಜಾಹೀರಾತನ್ನು ಓದುವ ಬಗೆ

'1964ರ ಆಸ್ಟನ್ ಮಾರ್ಟಿನ್ ಡಿಬಿ5 ಸ್ಪೋರ್ಟ್ಸ್ ಸಲೂನ್. ಬಲಗಡೆ ಸ್ಟೀರಿಂಗ್. ಮ್ಯಾಚಿಂಗ್ ನಂಬರ್ಸ್. ವಾಂಟೇಜ್ ಸ್ಪೆಸಿಫಿಕೇಷನ್. ಸಿಲ್ವರ್ ಬರ್ಚ್ ಬಣ್ಣ, ಕಪ್ಪು ಚರ್ಮದ ಆಸನಗಳು. ಸಂಪೂರ್ಣ ರಿಸ್ಟೋರೇಷನ್ ಆಗಿದೆ. ದಪ್ಪ ಹಿಸ್ಟರಿ ಫೈಲ್ ಇದೆ. ಬೆಲೆಗೆ ಸಂಪರ್ಕಿಸಿ.'

ಬ್ರಿಟನ್ನಿನಲ್ಲಿ ಹಳೆಯ ಕಾರುಗಳನ್ನು ಮಾರುವವರು ಕೊಡುವ ಜಾಹೀರಾತಿನ ಒಕ್ಕಣೆ ಹೆಚ್ಚುಕಡಿಮೆ ಹೀಗಿರುತ್ತದೆ. ಹತ್ತಿಪ್ಪತ್ತು ಫೋಟೊ, ಅವುಗಳ ಕೆಳಗೆ ಈ ತುಂಡು ತುಂಡು ಮಾತುಗಳು. ಮೊದಲ ಸಲ ಓದುವವರಿಗೆ ಬರೀ ಹೊಗಳಿಕೆಯಂತೆ ಕಾಣುತ್ತದೆ. ಆದರೆ ಇಲ್ಲಿನ ಒಂದೊಂದು ಮಾತಿಗೂ ಖಚಿತವಾದ ಅರ್ಥವಿದೆ. ಹೇಳಿದ ಮಾತಿನಷ್ಟೇ ಹೇಳದೆ ಬಿಟ್ಟ ಮಾತಿಗೂ ಅರ್ಥವಿದೆ. ಅಕ್ಕಪಕ್ಕ ನಿಲ್ಲಿಸಿದರೆ ಅವಳಿಗಳಂತೆ ಕಾಣುವ ಎರಡು ಡಿಬಿ5 ಕಾರುಗಳ ಬೆಲೆಯ ನಡುವೆ ಒಂದು ಮನೆ ಕಟ್ಟಿಸುವಷ್ಟು ಹಣದ ಅಂತರ ಇರಬಹುದು. ಏಕೆ? ವರ್ಷಗಟ್ಟಲೆ ಇಂಥ ಜಾಹೀರಾತುಗಳನ್ನು ಆಸೆಯಿಂದ ಓದಿಕೊಂಡು ಬಂದ ಮೇಲೆ ನನಗೆ ಹೊಳೆದ ಉತ್ತರ ಇದು: ಈ ಕಾರುಗಳ ಬೆಲೆ ಬಣ್ಣದ ಕೆಳಗಿರುವ ಲೋಹದಲ್ಲಿ ಅಡಗಿದೆ, ಮತ್ತು ಆ ಲೋಹದ ಪರವಾಗಿ ಸಾಕ್ಷಿ ಹೇಳುವ ಕಾಗದಗಳಲ್ಲಿ ಅಡಗಿದೆ. ಜಾಹೀರಾತಿನ ಫೋಟೊದಲ್ಲಿ ಈ ಎರಡೂ ಕಾಣುವುದಿಲ್ಲ.

ಜಾಹೀರಾತಿನ ಮಾತು ಬಂದಿತಲ್ಲ, ಈ ಕಾರಿನ ಹೆಸರಿನಲ್ಲಿರುವ 'ಡಿಬಿ' ಅಕ್ಷರಗಳು ಬಂದದ್ದೂ ಒಂದು ಪುಟ್ಟ ಜಾಹೀರಾತಿನ ದೆಸೆಯಿಂದಲೇ. 1946ರಲ್ಲಿ ಲಂಡನ್ನಿನ 'ದಿ ಟೈಮ್ಸ್' ಪತ್ರಿಕೆಯಲ್ಲಿ, ಮೋಟಾರು ಕಂಪನಿಯೊಂದು ಮಾರಾಟಕ್ಕಿದೆ ಎಂಬ ವರ್ಗೀಕೃತ ಜಾಹೀರಾತು ಬಂದಿತ್ತು. ಅದು ಕಣ್ಣಿಗೆ ಬಿದ್ದದ್ದು ಡೇವಿಡ್ ಬ್ರೌನ್ ಎಂಬ ಉದ್ಯಮಿಗೆ. ಯಾರ್ಕ್‌ಶೈರ್‌ನ ಅವರ ಕುಟುಂಬದ ಕಾರ್ಖಾನೆಯಲ್ಲಿ ಗೇರುಗಳು, ಟ್ರ್ಯಾಕ್ಟರುಗಳು ತಯಾರಾಗುತ್ತಿದ್ದವು. 1947ರಲ್ಲಿ ಅವರು 20,500 ಪೌಂಡ್ ಕೊಟ್ಟು ಆಸ್ಟನ್ ಮಾರ್ಟಿನ್ ಕಂಪನಿಯನ್ನು ಕೊಂಡರು. ಅದೇ ವರ್ಷ ಲಗೊಂಡಾ ಕಂಪನಿಯನ್ನೂ ಕೊಂಡರು; ಅಲ್ಲಿ ಅವರ ಕಣ್ಣಿದ್ದದ್ದು ಡಬ್ಲ್ಯು. ಒ. ಬೆಂಟ್ಲಿ ಅವರ ಉಸ್ತುವಾರಿಯಲ್ಲಿ ತಯಾರಾಗಿದ್ದ ಆರು ಸಿಲಿಂಡರಿನ ಎಂಜಿನ್ ಮೇಲೆ. ಮುಂದೆ ಬಂದ ಕಾರುಗಳಿಗೆ ಅವರ ಹೆಸರಿನ ಮೊದಲಕ್ಷರಗಳೇ ಅಂಟಿಕೊಂಡವು. 1958ರಲ್ಲಿ ಡಿಬಿ4, 1963ರಲ್ಲಿ ಡಿಬಿ5, 1965ರಲ್ಲಿ ಡಿಬಿ6. ಈ ಮೂರೂ ತಯಾರಾದದ್ದು ಬಕಿಂಗ್‌ಹ್ಯಾಮ್‌ಶೈರ್‌ನ ನ್ಯೂಪೋರ್ಟ್ ಪ್ಯಾಗ್ನೆಲ್ ಎಂಬ ಸಣ್ಣ ಊರಿನಲ್ಲಿ, ಟಿಕ್‌ಫರ್ಡ್ ಎಂಬ ಹಳೆಯ ಬಾಡಿ ಕಟ್ಟುವವರ ಜಾಗದಲ್ಲಿ.

ಇವು 'ಗ್ರ್ಯಾಂಡ್ ಟೂರರ್' ವರ್ಗದ ಕಾರುಗಳು. ಇಟಲಿಯ 'ಗ್ರಾನ್ ಟೂರಿಸ್ಮೊ' ಎಂಬ ಮಾತಿನಿಂದ ಬಂದ ಹೆಸರು. ಜಿಟಿ ಎಂಬುದು ಅದರದೇ ಕಿರಿದಾದ ರೂಪ. ರೇಸಿನ ಕಾರು ವೇಗಕ್ಕೆ ಹುಟ್ಟಿದ್ದು, ಅದರಲ್ಲಿ ಒಂದು ಗಂಟೆ ಕೂತರೆ ಬೆನ್ನು ನೋಯುತ್ತದೆ. ಐಷಾರಾಮಿ ಕಾರು ಸುಖಕ್ಕೆ ಹುಟ್ಟಿದ್ದು, ತಿರುವಿನಲ್ಲಿ ಹಡಗಿನಂತೆ ವಾಲುತ್ತದೆ. ಜಿಟಿ ಇವೆರಡನ್ನೂ ಒಂದೇ ಮೈಯಲ್ಲಿ ತರಬೇಕು. ಬೆಳಿಗ್ಗೆ ಲಂಡನ್ ಬಿಟ್ಟು, ಇಂಗ್ಲಿಷ್ ಕಾಲುವೆ ಎಂಬ ಸಮುದ್ರದ ಪಟ್ಟಿ ದಾಟಿ, ಫ್ರಾನ್ಸಿನ ನೇರ ಹೆದ್ದಾರಿಗಳಲ್ಲಿ ಗಂಟೆಗೆ 160 ಕಿ.ಮೀ. ವೇಗದಲ್ಲಿ ಗಂಟೆಗಟ್ಟಲೆ ಓಡಿ, ದಕ್ಷಿಣದ ಸಮುದ್ರ ತೀರ ಮುಟ್ಟಿದಾಗ ಇಳಿದವರ ಬಟ್ಟೆ ಮುದುಡಿರಬಾರದು. ಡಿಕ್ಕಿಯಲ್ಲಿ ಇಬ್ಬರ ಸೂಟ್‌ಕೇಸ್ ಹಿಡಿಸಿರಬೇಕು. ಡಿಬಿ5ರ 3,995 ಸಿಸಿ ಎಂಜಿನ್ 282 ಅಶ್ವಶಕ್ತಿ ಕೊಡುತ್ತದೆ ಎಂದು ಕಂಪನಿ ಹೇಳಿಕೊಂಡಿತ್ತು. ಗಂಟೆಗೆ 225 ಕಿ.ಮೀ. ದಾಟಿ ಓಡುತ್ತಿತ್ತು. ಬೆಲೆ 4,175 ಪೌಂಡ್. 1959ರಲ್ಲಿ ಮಿನಿ ಕಾರು ಮಾರುಕಟ್ಟೆಗೆ ಬಂದಾಗ ಅದರ ಬೆಲೆ 500 ಪೌಂಡಿನ ಒಳಗಿತ್ತು ಎಂದರೆ ಲೆಕ್ಕ ತಿಳಿಯುತ್ತದೆ. ಎರಡೇ ವರ್ಷದಲ್ಲಿ, ತೆರೆದ ಕಾರುಗಳೂ ಸೇರಿ, ಸಾವಿರಕ್ಕೆ ಸ್ವಲ್ಪ ಮೇಲೆ ಡಿಬಿ5ಗಳು ತಯಾರಾದವು. ತೆರೆದ ಕಾರುಗಳು ಅವುಗಳಲ್ಲಿ 123 ಮಾತ್ರ.

ಇನ್ನು ಬಾನೆಟ್ಟಿನ ಮೇಲಿನ ಒಂದು ಸಣ್ಣ ಬಿಲ್ಲೆಯ ಕಡೆಗೆ ಬರೋಣ. ಬಾಗಿದ ಕೈಬರಹದ ಅಕ್ಷರಗಳಲ್ಲಿ 'ಸೂಪರ್‌ಲೆಜ್ಜೇರಾ' ಎಂದಿರುತ್ತದೆ. ಇಟಾಲಿಯನ್ನಿನಲ್ಲಿ 'ಅತಿ ಹಗುರ' ಎಂದರ್ಥ. ಜಾಹೀರಾತುಗಳು ಈ ಬಿಲ್ಲೆಯ ಫೋಟೊವನ್ನು ತಪ್ಪದೆ ಹಾಕುತ್ತವೆ; ಅಂದದ ಅಕ್ಷರಗಳು, ಹಾಕಲಿ. ಆದರೆ ಈ ಕಾರಿನ ಸೊಗಸೂ ಸಂಕಟವೂ ಈ ಒಂದು ಪದದಲ್ಲಿವೆ.

ಮಿಲಾನಿನ ಕಾರೊಜ್ಜೇರಿಯಾ ಟೂರಿಂಗ್ ಎಂಬ ಸಂಸ್ಥೆ 1930ರ ದಶಕದಲ್ಲಿ ರೂಪಿಸಿದ ಕಟ್ಟಾಣಿಕೆ ಇದು. ಕಾರಿನ ತಳದಲ್ಲಿ ಉಕ್ಕಿನ ಗಟ್ಟಿ ಚಾಸಿ. ಅದರ ಮೇಲೆ ಬೆರಳು ಗಾತ್ರದ ಉಕ್ಕಿನ ಕೊಳವೆಗಳನ್ನು ಬಗ್ಗಿಸಿ, ಬೆಸೆದು, ಕಾರಿನ ಆಕಾರದ ಒಂದು ಹಂದರ ಕಟ್ಟುತ್ತಾರೆ. ನಮ್ಮಲ್ಲಿ ಗೂಡುದೀಪ ಮಾಡುವಾಗ ಮೊದಲು ಬಿದಿರುಕಡ್ಡಿಯ ಚೌಕಟ್ಟು ಕಟ್ಟಿ ಆಮೇಲೆ ಬಣ್ಣದ ಕಾಗದ ಅಂಟಿಸುತ್ತೇವಲ್ಲ, ಅದೇ ಕ್ರಮ. ಇಲ್ಲಿ ಕಾಗದದ ಬದಲು ಅಲ್ಯೂಮಿನಿಯಂ ತಗಡು. ಒಂದೊಂದು ತಗಡನ್ನೂ ಕುಶಲಕರ್ಮಿಗಳು ಕೈಯಿಂದ ಬಡಿದು, ಉರುಳೆಗಳ ನಡುವೆ ಹಾಯಿಸಿ, ಬಾಗು ಬಳುಕು ತಂದು, ಅದರ ಅಂಚನ್ನು ಕೊಳವೆಯ ಸುತ್ತ ಮಡಚುತ್ತಾರೆ. ತಗಡು ಭಾರ ಹೊರಬೇಕಾಗಿಲ್ಲ, ಆದ್ದರಿಂದ ತೆಳ್ಳಗಿದ್ದರೂ ನಡೆಯುತ್ತದೆ, ಕಾರು ಹಗುರವಾಗುತ್ತದೆ. ಡಿಬಿ4ಕ್ಕೆ ಟೂರಿಂಗ್ ಸಂಸ್ಥೆಯೇ ರೂಪ ಬರೆಯಿತು. ಹ್ಯಾರಲ್ಡ್ ಬೀಚ್ ಎಂಬ ಎಂಜಿನಿಯರ್ ಈ ಹಂದರ ಕೂರಲು ತಕ್ಕಂತೆ ಸಮತಟ್ಟಾದ ಹೊಸ ಉಕ್ಕಿನ ತಳವನ್ನು ರೂಪಿಸಿದರು. ಪರವಾನಗಿ ಪಡೆದು ನ್ಯೂಪೋರ್ಟ್ ಪ್ಯಾಗ್ನೆಲ್‌ನಲ್ಲೇ ಬಾಡಿ ಕಟ್ಟಿದರು. ಹೀಗಾಗಿ ಒಂದು ಕಾರಿನ ಬಾಗಿಲು ಇನ್ನೊಂದಕ್ಕೆ ಅಷ್ಟು ಸುಲಭವಾಗಿ ಕೂರುವುದಿಲ್ಲ. ಪ್ರತಿ ಕಾರೂ ಅದನ್ನು ಬಡಿದವರ ಕೈಯ ಅಳತೆಯದು.

ಸಂಕಟ ಎಲ್ಲಿಂದ ಬಂತು? ಉಕ್ಕು ಮತ್ತು ಅಲ್ಯೂಮಿನಿಯಂ ಒಂದನ್ನೊಂದು ತಾಗಿಕೊಂಡಿವೆ. ಅವುಗಳ ನಡುವೆ ಉಪ್ಪುನೀರು ಹೋದರೆ ಅಲ್ಲೊಂದು ಸಣ್ಣ ಬ್ಯಾಟರಿಯೇ ಹುಟ್ಟಿಕೊಳ್ಳುತ್ತದೆ. ಎರಡು ಬೇರೆ ಬೇರೆ ಲೋಹ, ನಡುವೆ ವಿದ್ಯುತ್ ಹರಿಯಲು ಬಿಡುವ ದ್ರವ. ಶಾಲೆಯಲ್ಲಿ ನಿಂಬೆಹಣ್ಣಿಗೆ ತಾಮ್ರ ಮತ್ತು ಸತುವಿನ ತುಂಡು ಚುಚ್ಚಿ ಮಾಡಿದ ಪ್ರಯೋಗವೇ ಇದು. ಇಂಥ ಜೋಡಿಯಲ್ಲಿ ಒಂದು ಲೋಹ ತನ್ನನ್ನು ತಾನು ಕಳೆದುಕೊಳ್ಳುತ್ತದೆ. ಇಲ್ಲಿ ಕಳೆದುಕೊಳ್ಳುವುದು ಅಲ್ಯೂಮಿನಿಯಂ. ನಮ್ಮ ಕರಾವಳಿಯ ಮನೆಗಳಲ್ಲಿ ಅಲ್ಯೂಮಿನಿಯಂ ಕಿಟಕಿಗೆ ಕಬ್ಬಿಣದ ಸ್ಕ್ರೂ ಹಾಕಿದವರು ಇದನ್ನು ಕಂಡಿರುತ್ತಾರೆ. ನಾಲ್ಕಾರು ಮಳೆಗಾಲ ಕಳೆಯುವಷ್ಟರಲ್ಲಿ ಸ್ಕ್ರೂ ಸುತ್ತ ಬಿಳಿ ಪುಡಿ ಕಟ್ಟಿ, ತೂತು ದೊಡ್ಡದಾಗಿ, ಸ್ಕ್ರೂ ಅಲ್ಲಾಡತೊಡಗುತ್ತದೆ. ಬ್ರಿಟನ್ನಿನಲ್ಲಿ ಸಮುದ್ರದ ಗಾಳಿ ಬೇಕಾಗಿಲ್ಲ. ಚಳಿಗಾಲದಲ್ಲಿ ಹಿಮ ಕರಗಿಸಲೆಂದು ರಸ್ತೆಗೇ ಉಪ್ಪು ಸುರಿಯುತ್ತಾರೆ. ಚಕ್ರಗಳು ಆ ಉಪ್ಪುನೀರನ್ನು ಎತ್ತಿ ಮಡ್‌ಗಾರ್ಡಿನ ಒಳಮೈಗೆ, ಕೊಳವೆ ಮಡಿಕೆಗಳ ಸಂದಿಗೆ ಚಿಮ್ಮುತ್ತವೆ. ಒಳಗೆ ಸೇರಿದ ತೇವ ಅಲ್ಲೇ ನಿಲ್ಲುತ್ತದೆ. ಒಂದು ಕಡೆ ಅಲ್ಯೂಮಿನಿಯಂ ಬಿಳಿ ಪುಡಿಯಾಗುತ್ತದೆ, ಇನ್ನೊಂದು ಕಡೆ ಉಕ್ಕಿನ ಕೊಳವೆ ತುಕ್ಕು ಹಿಡಿದು ಉಬ್ಬುತ್ತದೆ. ಉಬ್ಬಿದ ತುಕ್ಕು ತಗಡನ್ನು ಒಳಗಿನಿಂದ ದೂಡುತ್ತದೆ.

ಹೊರಗಿನಿಂದ ನೋಡುವವರಿಗೆ ಕಾಣುವುದು ಇಷ್ಟೇ: ಬಾಗಿಲಿನ ಕೆಳ ಅಂಚಿನಲ್ಲೋ ಚಕ್ರದ ಕಮಾನಿನ ತುದಿಯಲ್ಲೋ ಬಣ್ಣದ ಮೇಲೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು. ಉಗುರಿನಿಂದ ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತವೆ. ಆ ಸಾಸಿವೆ ಕಾಳಿನ ಹಿಂದೆ ಅಂಗೈಯಗಲ ಲೋಹವೇ ಇಲ್ಲದಿರಬಹುದು.

ಇದಕ್ಕಿಂತ ಗಂಭೀರವಾದದ್ದು ಬಾಗಿಲ ಕೆಳಗಿನ ಹೊಸ್ತಿಲು. ಕಾರಿನ ಭಾಷೆಯಲ್ಲಿ 'ಸಿಲ್' ಎನ್ನುತ್ತಾರೆ. ಹೊರಗೆ ಅಲ್ಯೂಮಿನಿಯಂ ಹೊದಿಕೆ, ಒಳಗೆ ಉಕ್ಕಿನ ಪೆಟ್ಟಿಗೆ. ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಕಾರಿನ ಬಲವನ್ನು ಹಿಡಿದಿಡುವ ಭಾಗ ಇದು. ಜಾಕಿ ಹಾಕುವ ಜಾಗವೂ ಇಲ್ಲೇ. ಹೊಸ್ತಿಲು ಸತ್ತಿದ್ದರೆ ಕಾರು ನಡುವಿನಲ್ಲಿ ಕುಸಿಯಲು ಶುರುವಾಗುತ್ತದೆ. ಆಗ ಮೊದಲು ತಿಳಿಸುವುದು ಬಾಗಿಲು. ಬಾಗಿಲು ತೆರೆದು, ಹಿಡಿಕೆಯನ್ನು ಎರಡು ಬೆರಳಲ್ಲಿ ಹಿಡಿದು ನಿಧಾನವಾಗಿ ಮುಚ್ಚಿ ನೋಡಬೇಕು. ಸರಿಯಾದ ಕಾರಿನಲ್ಲಿ ಚಿಲಕ 'ಟಕ್' ಎಂದು ಕೂರುತ್ತದೆ. ಕುಸಿದ ಕಾರಿನಲ್ಲಿ ಬಾಗಿಲನ್ನು ಸ್ವಲ್ಪ ಎತ್ತಿ ಮುಚ್ಚಬೇಕಾಗುತ್ತದೆ. ಬಾಗಿಲಿನ ಸುತ್ತಲಿನ ಸಂದು ಮೇಲೆ ಒಂದಳತೆ, ಕೆಳಗೆ ಒಂದಳತೆ ಇದ್ದರೂ ಅದೇ ಕಥೆ. ನನ್ನನ್ನು ಕೇಳಿದರೆ, ಫೋಟೊದಲ್ಲಿನ ಬಣ್ಣದ ಮೆರುಗನ್ನು ಬಿಟ್ಟು ಈ ಸಂದುಗಳನ್ನು ಮೊದಲು ನೋಡಿ ಎನ್ನುತ್ತೇನೆ.

ಹಳೆಯ ಕಾರು ಕೊಳ್ಳುವವರು ಜೇಬಿನಲ್ಲಿ ಅಯಸ್ಕಾಂತ ಇಟ್ಟುಕೊಂಡು ಹೋಗುವ ರೂಢಿಯಿದೆ. ಪುಟ್ಟಿ ತುಂಬಿ ಬಣ್ಣ ಬಳಿದ ಕಡೆ ಅಯಸ್ಕಾಂತ ಅಂಟುವುದಿಲ್ಲ, ಗುಟ್ಟು ಹೊರಬೀಳುತ್ತದೆ. ಈ ಉಪಾಯ ಇಲ್ಲಿ ನಡೆಯುವುದಿಲ್ಲ. ಬಾಡಿಯೆಲ್ಲ ಅಲ್ಯೂಮಿನಿಯಂ ಆದ್ದರಿಂದ ಅಯಸ್ಕಾಂತ ಎಲ್ಲಿಟ್ಟರೂ ಜಾರಿ ಬೀಳುತ್ತದೆ. ಅಲ್ಯೂಮಿನಿಯಂ ಮೇಲೆಯೂ ಬಣ್ಣದ ದಪ್ಪ ಅಳೆಯಬಲ್ಲ ಉಪಕರಣ ಬೇಕು. ಅದೂ ಇಲ್ಲವೆಂದರೆ ಗೆಣ್ಣಿನಿಂದ ತಟ್ಟಿ ಕೇಳಬೇಕು. ಬರೀ ತಗಡು ಖಣಖಣ ಎನ್ನುತ್ತದೆ, ಪುಟ್ಟಿ ತುಂಬಿದ ಜಾಗ ಮೊದ್ದಾಗಿ ಗುಮ್ಮೆನ್ನುತ್ತದೆ. ಪೇಟೆಯಲ್ಲಿ ತೆಂಗಿನಕಾಯಿ ತಟ್ಟಿ ಆರಿಸುವವರಿಗೆ ಈ ಕಿವಿ ತಾನಾಗಿ ಬಂದಿರುತ್ತದೆ.

'ಸಂಪೂರ್ಣ ರಿಸ್ಟೋರೇಷನ್' ಎಂಬ ಮಾತನ್ನು ಈಗ ತೂಗಬಹುದು. ಬಣ್ಣ ಕೆರೆದು ಹೊಸ ಬಣ್ಣ ಬಳಿದು, ಆಸನಗಳಿಗೆ ಹೊಸ ಚರ್ಮ ಹೊಲಿದು, ಕ್ರೋಮ್ ಹೊಳಪಿಸಿದರೂ ಮಾರುವವರು ಇದೇ ಮಾತು ಬಳಸುತ್ತಾರೆ. ತಗಡನ್ನೆಲ್ಲ ಬಿಚ್ಚಿ, ಹಂದರದ ಕೊಳೆತ ಕೊಳವೆ ಕತ್ತರಿಸಿ ಹೊಸದು ಬೆಸೆದು, ಹೊಸ್ತಿಲನ್ನು ಹೊಸದಾಗಿ ಕಟ್ಟಿ, ಎರಡು ಲೋಹಗಳ ನಡುವೆ ತಡೆಪದರ ಹಾಕಿ ಮತ್ತೆ ಹೊದಿಸಿದರೂ ಇದೇ ಮಾತು. ಎರಡರ ಖರ್ಚಿಗೂ ಅಜಗಜಾಂತರ. 2020ರಲ್ಲಿ ಆಸ್ಟನ್ ಮಾರ್ಟಿನ್ ಕಂಪನಿ ಹಳೆಯ ಡಿಬಿ5ರ ಮಾದರಿಯಲ್ಲೇ 25 ಹೊಸ ಕಾರುಗಳನ್ನು ನ್ಯೂಪೋರ್ಟ್ ಪ್ಯಾಗ್ನೆಲ್‌ನಲ್ಲಿ ಕಟ್ಟಿತು. ತೆರಿಗೆ ಬಿಟ್ಟು ಒಂದೊಂದರ ಬೆಲೆ 27.5 ಲಕ್ಷ ಪೌಂಡ್. ಒಂದು ಕಾರಿಗೆ ಸುಮಾರು 4,500 ಗಂಟೆಗಳ ಕೆಲಸ ಎಂದು ಕಂಪನಿಯೇ ಹೇಳಿತು. ದಿನಕ್ಕೆ ಎಂಟು ಗಂಟೆಯಂತೆ ಒಬ್ಬರೇ ದುಡಿದರೆ ಒಂದೂವರೆ ವರ್ಷ ಮೀರಿದ ಕೆಲಸ, ಅದೂ ಒಂದು ದಿನವೂ ರಜೆಯಿಲ್ಲದೆ. ಪಕ್ಕಾ ರಿಸ್ಟೋರೇಷನ್ನಿಗೂ ಸಾವಿರಾರು ಗಂಟೆ ಹಿಡಿಯುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ 'ಯಾವಾಗ ಮಾಡಿಸಿದಿರಿ' ಎಂಬುದಲ್ಲ, 'ತಗಡು ಬಿಚ್ಚಿದಾಗ ತೆಗೆದ ಫೋಟೊ ಇದೆಯೇ' ಎಂಬುದು. ಪ್ರಾಮಾಣಿಕವಾಗಿ ಕೆಲಸ ಮಾಡಿದ ವರ್ಕ್‌ಶಾಪಿನವರು ಕೊಳೆತ ಹೊಸ್ತಿಲಿನ ಫೋಟೊವನ್ನು ಹೆಮ್ಮೆಯಿಂದ ಫೈಲಿಗೆ ಹಾಕಿರುತ್ತಾರೆ. ಕಾರಿನ ಅತ್ಯಂತ ಕುರೂಪಿ ಫೋಟೊವೇ ಅದರ ಬೆಲೆಯನ್ನು ಹೆಚ್ಚಿಸುತ್ತದೆ.

'ಮ್ಯಾಚಿಂಗ್ ನಂಬರ್ಸ್' ಎಂದರೆ ಕಾರ್ಖಾನೆಯಿಂದ ಹೊರಬಿದ್ದಾಗ ಯಾವ ಚಾಸಿಗೆ ಯಾವ ಎಂಜಿನ್ ಇತ್ತೋ ಇಂದೂ ಅದೇ ಇದೆ ಎಂದು. ಡಿಬಿ5ರ ಚಾಸಿ ಸಂಖ್ಯೆ 'ಡಿಬಿ5' ಎಂದು ಶುರುವಾಗಿ, ನಡುವೆ ನಾಲ್ಕು ಅಂಕಿ, ಕೊನೆಗೆ ಒಂದು ಅಕ್ಷರ. 'ಆರ್' ಇದ್ದರೆ ಬಲಗಡೆ ಸ್ಟೀರಿಂಗ್, 'ಎಲ್' ಇದ್ದರೆ ಎಡಗಡೆ. ಅಮೆರಿಕಕ್ಕೆ ಹೋಗಿ ಮರಳಿ ಬಂದ ಎಷ್ಟೋ ಕಾರುಗಳ ಸ್ಟೀರಿಂಗನ್ನು ಬಲಕ್ಕೆ ಬದಲಾಯಿಸಿ ಮಾರುತ್ತಾರೆ. ತಪ್ಪೇನಲ್ಲ, ಆದರೆ ಚಾಸಿಯ ಮೇಲಿನ 'ಎಲ್' ನಿಜ ಹೇಳುತ್ತದೆ. ತೆರೆದ ಕಾರಾಗಿಯೇ ಹುಟ್ಟಿದ್ದರೆ 'ಡಿಬಿ5ಸಿ' ಎಂದಿರುತ್ತದೆ. ಆ 'ಸಿ' ಇಲ್ಲದ ತೆರೆದ ಕಾರು, ಯಾರೋ ಮುಂದೊಂದು ದಿನ ಸಲೂನಿನ, ಅಂದರೆ ಮುಚ್ಚಿದ ಕಾರಿನ, ಮಾಡು ಕತ್ತರಿಸಿ ಮಾಡಿಸಿದ್ದು. ಎಂಜಿನ್ ಸಂಖ್ಯೆ ಡಿಬಿ4ಕ್ಕೆ 370 ಎಂದೂ ಡಿಬಿ5ಕ್ಕೆ 400 ಎಂದೂ ಶುರುವಾಗುತ್ತದೆ. ಇವೆಲ್ಲವನ್ನೂ ತಾಳೆ ನೋಡುವುದಕ್ಕೆ ಕಾರ್ಖಾನೆಯ 'ಬಿಲ್ಡ್ ಶೀಟ್' ಇದೆ: ಚಾಸಿ, ಎಂಜಿನ್, ಬಣ್ಣ, ಚರ್ಮದ ಬಣ್ಣ, ಮೊದಲ ಮಾಲೀಕರ ಹೆಸರು, ಯಾವ ದಿನ ಯಾರಿಗೆ ಒಪ್ಪಿಸಿದರು ಎಂಬ ವಿವರ. ನಮ್ಮ ಜಮೀನಿಗೆ ಪಹಣಿ ಇದ್ದಂತೆ.

'ವಾಂಟೇಜ್ ಸ್ಪೆಸಿಫಿಕೇಷನ್' ಎಂಬಲ್ಲಿ ಆ ಎರಡನೆಯ ಪದದ ಮೇಲೆ ಬೆರಳಿಟ್ಟು ನಿಲ್ಲಬೇಕು. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ ಕಾರ್ಬ್ಯುರೇಟರ್. ಸಾಮಾನ್ಯ ಡಿಬಿ5ಕ್ಕೆ ಎಸ್‌ಯು ಎಂಬ ತಯಾರಿಕೆಯ ಮೂರು ಕಾರ್ಬ್ಯುರೇಟರುಗಳು. ವಾಂಟೇಜ್ ಎಂಜಿನ್ನಿಗೆ ಮೂರು ವೆಬರ್ ಕಾರ್ಬ್ಯುರೇಟರುಗಳು. ಶಕ್ತಿ 314 ಅಶ್ವಶಕ್ತಿಗೆ ಏರುತ್ತಿತ್ತು. ಕಾರ್ಖಾನೆಯಲ್ಲೇ ಹೀಗೆ ಹುಟ್ಟಿದ ಕಾರಿನ ಎಂಜಿನ್ ಸಂಖ್ಯೆಯ ಕೊನೆಯಲ್ಲಿ 'ವಿ' ಇರುತ್ತದೆ, ಅವು ಬಹಳ ಕಡಿಮೆ. ವೆಬರ್ ಕಾರ್ಬ್ಯುರೇಟರುಗಳನ್ನಾದರೋ ಯಾವ ಮೆಕ್ಯಾನಿಕ್ ಬೇಕಾದರೂ ಆಮೇಲೆ ಕೂರಿಸಬಹುದು. ಮಾರುವವರು 'ವಾಂಟೇಜ್' ಎಂದಷ್ಟೇ ಬರೆಯದೆ 'ವಾಂಟೇಜ್ ಸ್ಪೆಸಿಫಿಕೇಷನ್' ಎಂದು ಬರೆದಿದ್ದರೆ ಅವರು ಸುಳ್ಳು ಹೇಳಿಲ್ಲ. ಪೂರ್ತಿ ನಿಜವನ್ನು ನಾವೇ ಓದಿಕೊಳ್ಳಬೇಕು.

ಬಣ್ಣದ ವಿಚಾರದಲ್ಲಿ ನನಗೊಂದು ಬೇಸರವಿದೆ. 1964ರ ಜೇಮ್ಸ್ ಬಾಂಡ್ ಚಿತ್ರದಲ್ಲಿ ಬೆಳ್ಳಿ ಬಣ್ಣದ ಡಿಬಿ5 ಓಡಿದ ಮೇಲೆ ಜಗತ್ತಿನ ಕಣ್ಣಿಗೆ ಆ ಕಾರಿಗೆ ಒಂದೇ ಬಣ್ಣ ಎಂದಾಯಿತು. ಕಡು ಹಸಿರು, ದ್ರಾಕ್ಷಾರಸದ ಕೆಂಪು, ತಿಳಿ ನೀಲಿಯಲ್ಲಿ ಹುಟ್ಟಿದ ಎಷ್ಟೋ ಕಾರುಗಳು ಮುಂದೆ ಸಿಲ್ವರ್ ಬರ್ಚ್ ಬಳಿಸಿಕೊಂಡವು. ಹುಟ್ಟಿದ ಬಣ್ಣದಲ್ಲೇ ಉಳಿದ ಕಾರನ್ನು ನೋಡಿದರೆ ನನಗೆ ಹಿಗ್ಗಾಗುತ್ತದೆ. ಬಿರುಕು ಬಿಟ್ಟ ಮೂಲ ಚರ್ಮದ ಆಸನವನ್ನೂ ಕಿತ್ತು ಹಾಕಬಾರದು. ಚರ್ಮವನ್ನು ಯಾವಾಗ ಬೇಕಾದರೂ ಹೊಸದಾಗಿ ಹೊಲಿಯಬಹುದು. ಅರವತ್ತು ವರ್ಷ ಜನ ಕೂತು ಎದ್ದ ಗುರುತನ್ನು ಯಾರೂ ಹೊಲಿಯಲಾರರು.

ಇನ್ನು ಎಂಜಿನ್. ಪೋಲೆಂಡ್ ಮೂಲದ ಟಡೆಕ್ ಮಾರೆಕ್ ಇದನ್ನು ರೂಪಿಸಿದವರು. ನೇರ ಸಾಲಿನಲ್ಲಿ ಆರು ಸಿಲಿಂಡರು, ಮೇಲೆ ಎರಡು ಕ್ಯಾಮ್ ಶಾಫ್ಟುಗಳು. ಸಿಲಿಂಡರುಗಳನ್ನು ಹೊತ್ತ ಎಂಜಿನ್ನಿನ ಮೈಗೆ ಬ್ಲಾಕ್ ಎನ್ನುತ್ತಾರೆ; ಅವರು ಮೊದಲು ಎಣಿಸಿದ್ದು ಎರಕದ ಕಬ್ಬಿಣದ ಬ್ಲಾಕ್. ಆದರೆ ಕೆಲಸ ವಹಿಸಿಕೊಳ್ಳಲು ಬಿಡುವಿದ್ದದ್ದು ಅಲ್ಯೂಮಿನಿಯಂ ಎರಕದವರಿಗೆ. ಹೀಗೆ ಬ್ಲಾಕ್ ಅಲ್ಯೂಮಿನಿಯಂ ಆಯಿತು, ಕಾರು ಇನ್ನಷ್ಟು ಹಗುರವಾಯಿತು. ಜೊತೆಗೊಂದು ತೊಂದರೆಯೂ ಬಂತು.

ಕಬ್ಬಿಣಕ್ಕಿಂತ ಅಲ್ಯೂಮಿನಿಯಂ ಬಿಸಿಗೆ ಸುಮಾರು ಎರಡರಷ್ಟು ಹಿಗ್ಗುತ್ತದೆ. ಒಳಗೆ ಪಿಸ್ಟನ್ನುಗಳ ಏರಿಳಿತವನ್ನು ತಿರುಗಾಟವಾಗಿಸುವ ದಂಡ, ಅಂದರೆ ಕ್ರ್ಯಾಂಕ್ ಶಾಫ್ಟ್, ಉಕ್ಕಿನದು, ಅಷ್ಟು ಹಿಗ್ಗುವುದಿಲ್ಲ. ಶಾಫ್ಟ್ ತಿರುಗುವುದು ಬೇರಿಂಗುಗಳಲ್ಲಿ, ಬೇರಿಂಗ್ ಮತ್ತು ಶಾಫ್ಟ್ ನಡುವೆ ಕೂದಲಿಗಿಂತ ತೆಳುವಾದ ಸಂದು, ಆ ಸಂದಿನಲ್ಲಿ ಒತ್ತಡದಿಂದ ಹರಿಯುವ ಆಯಿಲ್. ಶಾಫ್ಟ್ ನಿಜಕ್ಕೂ ಲೋಹದ ಮೇಲೆ ಕೂರುವುದಿಲ್ಲ, ಆ ಆಯಿಲ್ ಪದರದ ಮೇಲೆ ತೇಲುತ್ತದೆ. ಎಂಜಿನ್ ಗಂಟೆಗಟ್ಟಲೆ ಪೂರ್ತಿ ವೇಗದಲ್ಲಿ ಓಡಿ ಕಾದಾಗ ಬ್ಲಾಕ್ ಹಿಗ್ಗಿ ಸಂದು ಅಗಲವಾಗುತ್ತದೆ. ಕಾದ ಆಯಿಲ್ ನೀರಿನಂತೆ ತೆಳ್ಳಗಾಗಿ ಆ ಅಗಲದ ಸಂದಿನಿಂದ ಸೋರಿಹೋಗುತ್ತದೆ. ಒತ್ತಡ ಬೀಳುತ್ತದೆ, ಆಯಿಲ್ ಪದರ ತುಂಡಾಗುತ್ತದೆ, ಲೋಹಕ್ಕೆ ಲೋಹ ತಾಗಿ ಬೇರಿಂಗ್ ಹೋಗುತ್ತದೆ.

1958ರಲ್ಲಿ ಡಿಬಿ4 ಬಂದಾಗ ಬ್ರಿಟನ್ನಿನಲ್ಲಿ ಅಷ್ಟು ಹೊತ್ತು ಪೂರ್ತಿ ವೇಗದಲ್ಲಿ ಓಡಿಸಲು ರಸ್ತೆಯೇ ಇರಲಿಲ್ಲ. 1959ರ ನವೆಂಬರಿನಲ್ಲಿ ಎಂ1 ಹೆದ್ದಾರಿಯ ಮೊದಲ ಹಂತ ತೆರೆಯಿತು, ನ್ಯೂಪೋರ್ಟ್ ಪ್ಯಾಗ್ನೆಲ್ ಪಕ್ಕದಲ್ಲೇ. ಆಗ ವೇಗದ ಮಿತಿ ಇರಲಿಲ್ಲ. ಮಾಲೀಕರು ಹುರುಪಿನಿಂದ ಓಡಿಸಿದರು, ಬೇರಿಂಗುಗಳು ಹೋದವು. ಕಾರ್ಖಾನೆಯವರು ಹೆಚ್ಚು ಆಯಿಲ್ ಹಿಡಿಸುವ ಸಂಪ್ ಹಾಕಿದರು, ಆಯಿಲ್ ಕೂಲರ್ ಕೂರಿಸಿದರು, ಹಂತ ಹಂತವಾಗಿ ತಿದ್ದಿದರು. ಡಿಬಿ5 ಬರುವಷ್ಟರಲ್ಲಿ ಎಂಜಿನ್ ಹದಕ್ಕೆ ಬಂದಿತ್ತು. ಈಗಲೂ ಇಂಥ ಕಾರಿನ ಜಾಹೀರಾತಿನಲ್ಲಿ 'ಆಯಿಲ್ ಕೂಲರ್ ಅಳವಡಿಸಿದೆ' ಎಂದಿದ್ದರೆ ಅದು ಈ ಕಥೆಯ ಮುಂದುವರಿಕೆ. '4.2 ಲೀಟರಿಗೆ ಏರಿಸಿದೆ' ಎಂಬುದನ್ನೂ ಕಾಣಬಹುದು. ಎಂಜಿನ್ನನ್ನು ಪೂರ್ತಿ ಬಿಚ್ಚಿ ಹೊಸ ಲೈನರ್ (ಸಿಲಿಂಡರಿನ ಒಳಗೋಡೆಯ ಕೊಳವೆ) ಹಾಕಿದಾಗ ಮಾಡಿಸುವ ಸುಧಾರಣೆ ಅದು. ಓಡಿಸುವವರಿಗೆ ಒಳ್ಳೆಯದು, ಮೂಲಸ್ಥಿತಿ ಬಯಸುವವರಿಗೆ ಒಂದು ಹೆಜ್ಜೆ ಕಡಿಮೆ.

'ದಪ್ಪ ಹಿಸ್ಟರಿ ಫೈಲ್' ಎಂಬುದು ಇಡೀ ಜಾಹೀರಾತಿನಲ್ಲಿ ನನಗೆ ಅತಿ ಮುಖ್ಯವಾಗಿ ತೋರುವ ಮಾತು. ಹಳೆಯ ಮಾಲೀಕರ ಪತ್ರಗಳು, ಗ್ಯಾರೇಜಿನ ಬಿಲ್ಲುಗಳು, ಕಾರು ರಸ್ತೆಗೆ ಯೋಗ್ಯವೇ ಎಂದು ನೋಡುವ ಎಂಒಟಿ ಎಂಬ ವಾರ್ಷಿಕ ತಪಾಸಣೆಯ ಪತ್ರಗಳು. 40 ವರ್ಷ ದಾಟಿದ, ಹೆಚ್ಚಿನ ಮಾರ್ಪಾಡಿಲ್ಲದ ಕಾರುಗಳಿಗೆ 2018ರಿಂದ ಬ್ರಿಟನ್ನಿನಲ್ಲಿ ಎಂಒಟಿ ಕಡ್ಡಾಯವಿಲ್ಲ. ಆದರೂ ಸ್ವಇಚ್ಛೆಯಿಂದ ಮಾಡಿಸುತ್ತ ಬಂದ ಮಾಲೀಕರ ಕಾರನ್ನು ನಂಬಬಹುದು. ಎಂಒಟಿ ಪತ್ರಗಳಲ್ಲಿ ಆಯಾ ವರ್ಷ ಮೀಟರ್ ಎಷ್ಟಿತ್ತು ಎಂದು ಬರೆದಿರುತ್ತದೆ. ಅವನ್ನು ಸಾಲಾಗಿ ಜೋಡಿಸಿದರೆ ಕಾರು ಯಾವ ವರ್ಷ ಓಡಿತು, ಯಾವ ವರ್ಷ ಶೆಡ್ಡಿನಲ್ಲಿ ನಿಂತಿತು ಎಂಬುದು ತಿಳಿಯುತ್ತದೆ. ನಂಬರ್ ಪ್ಲೇಟ್ ಕೂಡ ಸಾಕ್ಷಿ: ಕೊನೆಯ ಅಕ್ಷರ 'ಬಿ' ಇದ್ದರೆ 1964ರ ನೋಂದಣಿ, 'ಸಿ' ಇದ್ದರೆ 1965ರದು. ಅಲ್ಲಿ ನಂಬರನ್ನು ಕಾರಿನಿಂದ ಬೇರ್ಪಡಿಸಿ ಮಾರಬಹುದು, ಆದ್ದರಿಂದ ಹುಟ್ಟಿದ ನಂಬರನ್ನೇ ಉಳಿಸಿಕೊಂಡ ಕಾರಿಗೆ ಹೆಚ್ಚು ಗೌರವ.

ಕಾಗದದ ಬಲ ಎಷ್ಟು ಎಂಬುದಕ್ಕೆ '2 ವಿಇವಿ' ಎಂಬ ನಂಬರಿನ ಡಿಬಿ4 ಜಿಟಿ ಝಗಾಟೊ (ಡಿಬಿ4ರ ರೇಸಿನ ರೂಪ) ಕಾರನ್ನು ನೋಡಬೇಕು. 1962ರಲ್ಲಿ ಗುಡ್‌ವುಡ್ ರೇಸಿನಲ್ಲಿ ಜಿಮ್ ಕ್ಲಾರ್ಕ್ ಓಡಿಸುತ್ತಿದ್ದಾಗ ಅದು ಜಾರಿ, ಜಾನ್ ಸರ್ಟೀಸರ ಫೆರಾರಿಗೆ ಬಡಿದು ನಜ್ಜುಗುಜ್ಜಾಯಿತು. ಮತ್ತೆ ಕಟ್ಟಿದರು. ಮೂಲ ತಗಡಿನ ಲೆಕ್ಕ ಹಿಡಿದರೆ ಬೆಲೆ ಬೀಳಬೇಕಿತ್ತು. 2018ರಲ್ಲಿ ಬೋನ್‌ಹ್ಯಾಮ್ಸ್ ಹರಾಜಿನಲ್ಲಿ ಅದು ಒಂದು ಕೋಟಿ ಪೌಂಡ್ ದಾಟಿತು. ಯಾವಾಗ ಏನು ಮುರಿಯಿತು, ಯಾರು ಕಟ್ಟಿದರು ಎಂಬುದಕ್ಕೆಲ್ಲ ದಾಖಲೆಯಿದೆ. ಅಪಘಾತವಾದ ಕಾರಿಗೆ ಜನ ಹೆದರುವುದಿಲ್ಲ, ಅಪಘಾತವನ್ನು ಮುಚ್ಚಿಟ್ಟ ಕಾರಿಗೆ ಹೆದರುತ್ತಾರೆ.

'ಬೆಲೆಗೆ ಸಂಪರ್ಕಿಸಿ' ಎಂಬುದು ವ್ಯಾಪಾರಿಗಳ ರೀತಿ. ಹರಾಜಿನಲ್ಲಾದರೆ ಅಂದಾಜು ಬೆಲೆ ಮೊದಲೇ ಪ್ರಕಟವಾಗುತ್ತದೆ, ಆದರೆ ಸುತ್ತಿಗೆ ಬಿದ್ದ ಬೆಲೆಯೇ ಕೊನೆಯಲ್ಲ. ಅದರ ಮೇಲೆ ಹರಾಜು ಸಂಸ್ಥೆಯ ಪ್ರೀಮಿಯಂ, ಅದರ ಮೇಲೆ ವ್ಯಾಟ್ ಸೇರುತ್ತವೆ. ಇನ್ನೊಂದು ವಿಶೇಷವೆಂದರೆ ಬ್ರಿಟಿಷ್ ತೆರಿಗೆ ಕಾನೂನು ಖಾಸಗಿ ಕಾರನ್ನು ಬಂಡವಾಳ ಲಾಭ ತೆರಿಗೆಯಿಂದ ಹೊರಗಿಟ್ಟಿದೆ. ಕಾರು ಸವೆದುಹೋಗುವ ವಸ್ತು, ಅದರಿಂದ ಲಾಭ ಎಲ್ಲಿ ಬಂತು ಎಂಬ ಹಳೆಯ ಎಣಿಕೆ. ಹೂಡಿಕೆದಾರರು ಈ ಕಾರುಗಳತ್ತ ತಿರುಗಿದ್ದಕ್ಕೆ ಇದೂ ಒಂದು ಕಾರಣ.

ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಸಾಲಾಗಿ ನಿಂತ ಹಳೆಯ ಕಾರುಗಳನ್ನು ನೋಡಿ ಬಂದವರಿಗೆ ಒಂದು ಪ್ರಶ್ನೆ ಏಳಬಹುದು: ಇಂಥದ್ದು ನಮ್ಮಲ್ಲಿ ರಸ್ತೆಗಿಳಿಯಬಹುದೇ? 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ 50 ವರ್ಷ ದಾಟಿದ, ಮೂಲರೂಪದಲ್ಲಿರುವ ವಾಹನಗಳಿಗೆ 'ವಿಎ' ಅಕ್ಷರಗಳಿರುವ ವಿಂಟೇಜ್ ನಂಬರ್ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಆದರೆ ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ತುಂಬಿಸುವುದು ಮುಂತಾದವುಗಳಿಗೆ ಮಾತ್ರ. ದೂರ ಓಡುವುದಕ್ಕೆಂದೇ ಹುಟ್ಟಿದ ಕಾರಿಗೆ ಇದು ಕಷ್ಟದ ಬದುಕು.

ಬ್ರಿಟನ್ನಿನಲ್ಲೇ ನೋಡಲು ಹೋಗುವವರು ಮಾರುವವರಿಗೆ ಮೊದಲೇ ಒಂದು ಮಾತು ಹೇಳಬೇಕು: ನಾವು ಬರುವವರೆಗೆ ಎಂಜಿನ್ ಚಾಲೂ ಮಾಡಬೇಡಿ. ಹೋದೊಡನೆ ಬಾನೆಟ್ ಮೇಲೆ ಅಂಗೈ ಇಟ್ಟು ತಣ್ಣಗಿದೆಯೇ ನೋಡಬೇಕು. ತಣ್ಣಗಿದ್ದಾಗ ಎಂಜಿನ್ ಹೇಗೆ ಏಳುತ್ತದೆ, ಆಯಿಲ್ ಸುಡುತ್ತಿರುವ ಗುರುತಾದ ನೀಲಿ ಹೊಗೆ ಬರುತ್ತದೆಯೇ ಎಂಬುದು ಮೊದಲ ಹತ್ತು ಸೆಕೆಂಡಿನಲ್ಲಿ ಗೊತ್ತಾಗುತ್ತದೆ. ಆಮೇಲೆ ಊರೊಳಗೆ ಒಂದು ಸುತ್ತು ಹಾಕಿ ತೃಪ್ತರಾಗಬಾರದು. ಹೆದ್ದಾರಿಗೆ ಒಯ್ದು, ಅರ್ಧ ಗಂಟೆಯಾದರೂ ಒಂದೇ ಸಮ ಓಡಿಸಿ, ಆಯಿಲ್ ಚೆನ್ನಾಗಿ ಕಾದ ಮೇಲೆ ಪಕ್ಕಕ್ಕೆ ನಿಲ್ಲಿಸಬೇಕು. ಎಂಜಿನ್ ಆಫ್ ಮಾಡದೆ, ಸ್ಟೀರಿಂಗ್ ಹಿಂದಿನ ದುಂಡು ಮೀಟರುಗಳ ನಡುವೆ ಆಯಿಲ್ ಒತ್ತಡದ ಮುಳ್ಳನ್ನು ಹುಡುಕಿ, ಅದು ಎಲ್ಲಿ ನಿಂತಿದೆ ಎಂದು ನೋಡಿ ಬರೆದುಕೊಳ್ಳಬೇಕು. ಬೆಲೆಯ ಮಾತು ಎತ್ತುವುದು ಅದಾದ ಮೇಲೆ.